ಎಳೆಯೂ ಅಂಟೂ: ವಿಮಾನದ ಒಡಲನ್ನು ಕುರಿತ ಪಾಠ

ಇಟ್ಟಿಗೆ ಮಾಡುವದಕ್ಕೆ ಇಸ್ರಾಯೇಲ್ಯರಿಗೆ ಹುಲ್ಲು ಕೊಡಬಾರದೆಂದು ಫರೋಹನು ಅಪ್ಪಣೆಮಾಡಿದ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಬರಿಯ ಮಣ್ಣು ಒಣಗುವಾಗ ಬಿರಿಯುತ್ತದೆ. ಹುಲ್ಲಿನ ಎಳೆಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಹೀಗೆ ಎರಡು ಪದಾರ್ಥಗಳು ಕೂಡಿ, ಒಂದರಿಂದಾಗದ ಕೆಲಸವನ್ನು ಮಾಡುವಂಥದು ಸಂಯೋಜಿತ ವಸ್ತು. ಹಗುರವೂ ಬಲವೂ ಒಟ್ಟಿಗೆ ಬೇಕಾದ ವಿಮಾನಕ್ಕೆ ಇದು ಬಹು ಉಪಯುಕ್ತ.

1940ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ ಮೊಸ್ಕಿಟೋ ವಿಮಾನದ ಒಡಲನ್ನು, ಬೆಂಡಿನಂತೆ ಹಗುರವಾದ ಬಾಲ್ಸಾ ಮರವನ್ನು ಬರ್ಚ್ ಪ್ಲೈವುಡ್ಡಿನ ತೆಳು ಹಾಳೆಗಳ ನಡುವೆ ಅಂಟಿಸಿ ಕಟ್ಟಿದರು. ಮೇಜು ಕುರ್ಚಿಗಳನ್ನು ಮಾಡುತ್ತಿದ್ದ ಕಾರ್ಖಾನೆಗಳಿಗೆ ಈ ಕೆಲಸ ಬಂದಿತು. ಅನೇಕ ಸ್ತ್ರೀಯರೂ ಅದನ್ನು ನಿರ್ವಹಿಸಿದರು. ಆದರೆ 1944ರಲ್ಲಿ ಭಾರತದಲ್ಲಿದ್ದ ಕೆಲವು ಮೊಸ್ಕಿಟೋಗಳು ಹಾರುತ್ತಿರುವಾಗಲೇ ರೆಕ್ಕೆ ಮುರಿದು ಬಿದ್ದು, ಒಳಗಿದ್ದವರು ಪ್ರಾಣ ಕಳೆದುಕೊಂಡರು. ಉಳಿದವುಗಳನ್ನು ಪರೀಕ್ಷಿಸಿದಾಗ, ಅಂಟು ಹಿಡಿಯಬೇಕಾಗಿದ್ದ ಕಡೆಗಳಲ್ಲಿ ಸಂದುಗಳು ಕಂಡುಬಂದವು. ನಮ್ಮ ಸೆಕೆಯೂ ತೇವವೂ ಕಾರಣವೆಂದವರಿದ್ದರು, ಕೆಲಸದ ಲೋಪವೆಂದವರೂ ಇದ್ದರು. ಮರವೇನೋ ಗಟ್ಟಿಯಾಗಿಯೇ ಇತ್ತು.

ಈಗ ಮರಕ್ಕೆ ಬದಲಾಗಿ ಕಾರ್ಬನ್ನಿನ ಎಳೆಗಳು ಬಂದಿವೆ. ಒಂದೊಂದೂ ತಲೆಗೂದಲಿಗಿಂತ ಬಹಳ ಸಣ್ಣದು. ಅವುಗಳನ್ನು ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರವಿಟ್ಟು, ಒತ್ತಡದಲ್ಲಿ ಕಾಯಿಸಿ ಗಟ್ಟಿಮಾಡುತ್ತಾರೆ. ಸೌದೆಯನ್ನು ಉದ್ದಕ್ಕೆ ಸೀಳುವದು ಸುಲಭ, ಅಡ್ಡಕ್ಕೆ ಮುರಿಯುವದು ಕಷ್ಟವಷ್ಟೆ. ಎಳೆಯ ಬಲವೂ ಹಾಗೆಯೇ ಉದ್ದಕ್ಕೆ ಮಾತ್ರ. ಆದಕಾರಣ ಒಂದು ಪದರವನ್ನು ಉದ್ದಕ್ಕೂ, ಒಂದನ್ನು ಅಡ್ಡಕ್ಕೂ, ಮತ್ತೊಂದನ್ನು ಓರೆಯಾಗಿಯೂ ಇಡಬೇಕು. ಹೊಲಿಗೆಯ ತರಗತಿಯಲ್ಲಿ ಬಟ್ಟೆಯ ಓರೆಯನ್ನು ನೋಡದೆ ಕತ್ತರಿಸಿ ಪೇಚಾಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಧ್ರುವ ಹೆಲಿಕಾಪ್ಟರಿನ ಅಲಗುಗಳು ಇಂಥ ವಸ್ತುವಿನವು. ಸುತ್ತು ಸುತ್ತಿಗೂ ಬಾಗುವ ಅಲಗು ಲೋಹದ್ದಾದರೆ ಕಾಲಕ್ರಮದಲ್ಲಿ ದಣಿದು ಬಿರುಕು ಬಿಡಬಹುದು. ಎಳೆಗಳು ಆ ಬಾಗಾಟವನ್ನು ಹೆಚ್ಚು ಕಾಲ ತಾಳುತ್ತವೆ. ಅದೇ ನಗರದಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗಳಲ್ಲಿಯೂ ಕಾರ್ಬನ್ ಎಳೆಗಳೇ ಮುಖ್ಯ.

ಆದರೆ ಹಳೆಯ ಭಯವು ಪೂರ್ತಿಯಾಗಿ ಹೋಗಿಲ್ಲ. ಲೋಹದ ರೆಕ್ಕೆಯ ಮೇಲೆ ಸುತ್ತಿಗೆ ಬಿದ್ದರೆ ತಗ್ಗು ಕಾಣುವದು. ಇಲ್ಲಿಯಾದರೋ ಮೇಲ್ಮೈ ನುಣುಪಾಗಿದ್ದೂ ಒಳಪದರಗಳು ಬಿಟ್ಟುಹೋಗಿರಬಹುದು. ಆದುದರಿಂದ ಪರೀಕ್ಷಕರು ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಒಳಕ್ಕೆ ಕಳುಹಿಸಿ ನೋಡುತ್ತಾರೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಕಿವಿಗೊಡುವದೂ ಉಂಟು, ಸಂತೆಯಲ್ಲಿ ನಮ್ಮ ತಾಯಂದಿರು ಮಡಕೆಯನ್ನು ತಟ್ಟಿ ಕೊಳ್ಳುವಂತೆ. ಪದರಗಳು ಕೂಡಿದ್ದ ಕಡೆ ನಾದವು ಸ್ಪಷ್ಟ; ಬಿಟ್ಟ ಕಡೆ ಮಂಕು.