ಮೈ ನವಿರೇಳುವುದು

ಮಾಗಿಯ ಮುಂಜಾನೆ ತಣ್ಣೀರು ಸೋಕಿದೊಡನೆ ತೋಳಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವಷ್ಟೆ. ಇದನ್ನೇ ನಾವು ‘ಮೈ ನವಿರೇಳುವುದು’ ಎನ್ನುತ್ತೇವೆ. ನವಿರು ಎಂದರೆ ಇಲ್ಲಿ ನಯವಲ್ಲ, ಕೂದಲು. ರೋಮದ ಬುಡಕ್ಕೆ ಅಂಟಿಕೊಂಡಿರುವ ಕಿರಿಯ ಸ್ನಾಯು ಸಂಕುಚಿಸಿದಾಗ, ಓರೆಯಾಗಿದ್ದ ಕೂದಲು ನೆಟ್ಟಗೆ ನಿಂತು ಅದರ ಸುತ್ತಲಿನ ಚರ್ಮ ಉಬ್ಬುತ್ತದೆ. ದಟ್ಟವಾದ ತುಪ್ಪಳವುಳ್ಳ ಪ್ರಾಣಿಗಳಲ್ಲಿ ಹೀಗೆ ನಿಮಿರಿದ ಕೂದಲುಗಳ ನಡುವೆ ಹೆಚ್ಚು ಗಾಳಿ ಸೆರೆಯಾಗುವುದು. ಗಾಳಿ ಉಷ್ಣದ ಮಂದವಾಹಕವಾದುದರಿಂದ ಮೈಯ ಶಾಖ ಉಳಿಯುವುದು. ನಮ್ಮ ಪಾಲಿಗೆ ಉಳಿದಿರುವುದು ಬರಿಯ ಗುಳ್ಳೆ! ಇಂಗ್ಲಿಷರಿಗೆ ಇದನ್ನು ಕಂಡು ಪುಕ್ಕ ಕಿತ್ತ ಹೆಬ್ಬಾತಿನ ಚರ್ಮ ನೆನಪಾಯಿತು.

ಚಳಿಯಲ್ಲಷ್ಟೇ ಅಲ್ಲ, ಭಯದಲ್ಲಿಯೂ ಆನಂದದಲ್ಲಿಯೂ ಅವೇ ನರಗಳು ಈ ಸ್ನಾಯುವನ್ನು ಪ್ರಚೋದಿಸುತ್ತವೆ. ಭಾಷೆಗಳೂ ಇದಕ್ಕೆ ಸಾಕ್ಷಿ: ಸಂಸ್ಕೃತದ ‘ಹರ್ಷ’ಕ್ಕೆ ಮೂಲವಾದ ಧಾತುವಿಗೆ ಕೂದಲು ನಿಮಿರು ಎಂಬ ಅರ್ಥವೂ ಉಂಟು, ಅದರ ದಾಯಾದಿಯಾದ ಲ್ಯಾಟಿನ್ ಧಾತುವಿನಿಂದಲೇ ಇಂಗ್ಲಿಷಿನ ‘ಹಾರರ್’ ಹುಟ್ಟಿತು.