ಎಕ್ಸೆಲ್ ಫೈಲಲ್ಲಿ ‘ಮೈಸೂರು’ ಹುಡುಕೋದು ಹೇಗೆ?

ನಮ್ಮ ರಕ್ತದಾನಿಗಳ ಪಟ್ಟಿ ಇರೋದು ವರ್ಷಕ್ಕೊಂದರಂತೆ ಮಾಡಿಟ್ಟ ಎಕ್ಸೆಲ್ ಫೈಲುಗಳಲ್ಲಿ. ರಾತ್ರಿ ಹತ್ತಕ್ಕೆ ಮೈಸೂರಿಂದ ಫೋನ್ ಬಂದರೆ ಒಂದೊಂದನ್ನೇ ತೆರೆದು ನೋಡೋಕೆ ಟೈಮ್ ಇರಲ್ಲ. ಟರ್ಮಿನಲ್‌ನಲ್ಲಿ ಗ್ರೆಪ್ ಹಾಕಿದರೂ ಏನೂ ಸಿಗಲ್ಲ. ಎಕ್ಸ್‌ಎಲ್‌ಎಸ್‌ಎಕ್ಸ್ ಅನ್ನೋದು ನಿಜಕ್ಕೂ ಒಂದು ಜಿಪ್ ಫೈಲ್. ನಾವು ಟೈಪ್ ಮಾಡಿದ್ದೆಲ್ಲ ಒಳಗೆ ಎಕ್ಸ್‌ಎಂಎಲ್ ಆಗಿ, ಕಂಪ್ರೆಸ್ ಆಗಿ ಕೂತಿರುತ್ತೆ. ನಂಬಿಕೆ ಬರದಿದ್ದರೆ ಅನ್‌ಜಿಪ್ ಮಾಡಿ ನೋಡಿ.

ಹಾಗಾಗಿ ಮೊದಲು ಸಿಎಸ್‌ವಿಕಿಟ್‌ನ ಇನ್2ಸಿಎಸ್‌ವಿ ಕಮಾಂಡಿನಿಂದ ಶೀಟುಗಳನ್ನು ಸಿಎಸ್‌ವಿ ಮಾಡಿಕೊಳ್ಳೋಣ. ಆಮೇಲೆ ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಟೇಬಲ್ಲಿಗೆ ತುಂಬೋಣ. ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಯಾವ ಪದ ಯಾವ ಸಾಲಲ್ಲಿದೆ ಅಂತ ಇದು ಮೊದಲೇ ಬರೆದಿಟ್ಟುಕೊಳ್ಳುತ್ತೆ. ಫೈಲಿನ ಹೆಸರಿಗೂ ಒಂದು ಕಾಲಂ ಇರಲಿ.

ಕನ್ನಡಕ್ಕೆ ತೊಡಕು ಇಲ್ಲೇ. ಅದರ ಡೀಫಾಲ್ಟ್ ಟೋಕನೈಸರ್‌ಗೆ ಅಕ್ಷರ, ಅಂಕಿ ಮಾತ್ರ ಪದದ ಭಾಗ. ನಮ್ಮ ಕಾಗುಣಿತದ ಗುರುತುಗಳು ಖಾಲಿ ಜಾಗವಿದ್ದ ಹಾಗೆ. ‘ಮೈಸೂರು’ ಒಡೆದು ಮ, ಸ, ರ ಆಗುತ್ತೆ. ಹಾವೇರಿ ಜಿಲ್ಲೆಯ ‘ಮಾಸೂರು’ ಕೂಡ ಅದೇ ಮ, ಸ, ರ! ಮೈಸೂರಲ್ಲಿ ರಕ್ತ ಬೇಕು ಅಂದರೆ ಮಾಸೂರಿನ ದಾನಿಯ ನಂಬರೂ ಬರುತ್ತೆ. ಟೇಬಲ್ ಮಾಡುವಾಗಲೇ ಟೋಕನೈಸರಿನ ಕೆಟಗರೀಸ್‌ನಲ್ಲಿ ಮೊದಲಿನವುಗಳ ಜೊತೆ ಎಂಎನ್, ಎಂಸಿ ಎರಡನ್ನೂ ಸೇರಿಸಿದರೆ ಪದ ಇಡಿಯಾಗಿ ಉಳಿಯುತ್ತೆ.

ವಿಭಕ್ತಿ ಹತ್ತಿದ ಪದಗಳೂ ಬೇಕಾದರೆ ‘ಮೈಸೂರ*’ ಅಂತ ಕೊಡಿ. ಮೈಸೂರು, ಮೈಸೂರಿನ, ಮೈಸೂರಲ್ಲಿ ಎಲ್ಲ ಸಿಗುತ್ತವೆ.