ಬಚ್ಚಿಟ್ಟರೆ ಸಾಲದು, ಬೀಗ ಹಾಕಬೇಕು

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ್ದು. ಅವರು ಚೆನ್ನಾಗಿಯೇ ಇದ್ದ ಲ್ಯಾಪ್‌ಟಾಪ್‌ಗಳಲ್ಲಿ ಧ್ವನಿ ಬರದಂತೆ ಸಣ್ಣದೊಂದು ತೊಂದರೆ ಎಬ್ಬಿಸಿದರು. ಯಾರದೋ ನಿತ್ಯಬಳಕೆಯ ಯಂತ್ರದಂತೆ ಕಾಣಲೆಂದು ಫೋಟೊ, ಹಣಕಾಸಿನ ಕಡತಗಳನ್ನು ತುಂಬಿದರು. ಯಾವ ಕಡತವನ್ನು ಯಾವಾಗ ತೆರೆಯಲಾಯಿತು ಎಂದು ಗುಟ್ಟಾಗಿ ಬರೆದಿಡುವ ಏರ್ಪಾಡು ಮಾಡಿ, 16 ಕಡೆ ರಿಪೇರಿಗೆ ಕೊಟ್ಟರು. ಆ ತೊಂದರೆ ಸರಿಪಡಿಸಲು ಒಂದೇ ಒಂದು ಖಾಸಗಿ ಕಡತವನ್ನೂ ಮುಟ್ಟಬೇಕಿರಲಿಲ್ಲ. ಆದರೂ 6 ಕಡೆ ಖಾಸಗಿ ಕಡತಗಳನ್ನು ತೆರೆದು ನೋಡಿದ್ದರು, 2 ಕಡೆ ನಕಲು ಮಾಡಿಕೊಂಡಿದ್ದರು. ಹೆಣ್ಣುಮಕ್ಕಳ ಹೆಸರಿನಲ್ಲಿದ್ದ ಯಂತ್ರಗಳಲ್ಲೇ ಇಣುಕಾಟ ಹೆಚ್ಚು.

ಇಂಥದ್ದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಹಾಂಗ್‌ಕಾಂಗ್ 2008ರಲ್ಲೇ ಕಂಡಿತ್ತು. ನಟ ಎಡಿಸನ್ ಚೆನ್ ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪ್‌ನಿಂದ ತಂತ್ರಜ್ಞನೊಬ್ಬ ಖಾಸಗಿ ಚಿತ್ರಗಳನ್ನು ನಕಲು ಮಾಡಿಕೊಂಡ. ಅವು ಇಂಟರ್‌ನೆಟ್‌ನಲ್ಲಿ ಹರಡಿ ಹಲವು ನಟಿಯರ ಬದುಕನ್ನೇ ಅಲುಗಾಡಿಸಿದವು. ಮರುವರ್ಷ ಆ ತಂತ್ರಜ್ಞನಿಗೆ ಎಂಟೂವರೆ ತಿಂಗಳ ಶಿಕ್ಷೆಯಾಯಿತು. ಆದರೆ ಒಮ್ಮೆ ಹರಡಿದ ಚಿತ್ರಗಳನ್ನು ಯಾವ ನ್ಯಾಯಾಲಯವೂ ವಾಪಸು ತರಲಾರದು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಾಗಲಿ, ತಾಲ್ಲೂಕು ಕೇಂದ್ರದ ಸರ್ವಿಸ್ ಸೆಂಟರ್‌ಗಾಗಲಿ ಲ್ಯಾಪ್‌ಟಾಪ್ ಕೊಡುವಾಗ ಹೆಚ್ಚಿನವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದೇ ಕೊಡುತ್ತಾರೆ. ರಿಪೇರಿ ಮಾಡುವವರಲ್ಲಿ ಪ್ರಾಮಾಣಿಕರೇ ಹೆಚ್ಚು ಎಂದುಕೊಂಡರೂ, ರಕ್ಷಣೆ ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಮರೆಮಾಡಿದರೆ ಏಕೆ ಸಾಲದು?

ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ನಲ್ಲಿ ‘ಹಿಡನ್’ ಎಂದು ಗುರುತು ಹಾಕುವುದು ಬಹಳ ಮಂದಿಗೆ ಗೊತ್ತಿರುವ ಉಪಾಯ. ವಿಂಡೋಸ್ 11ರಲ್ಲಿ ‘ವ್ಯೂ’, ‘ಶೋ’, ‘ಹಿಡನ್ ಐಟಮ್ಸ್’ ಎಂದು ಒತ್ತಿದರೆ ಅದು ಮತ್ತೆ ಕಣ್ಣೆದುರು. ಫೋಲ್ಡರಿಗೆ ‘ಸಿಸ್ಟಮ್ ಫೈಲ್ಸ್’ ಎಂದು ಹೆಸರಿಟ್ಟು ಯಾವುದೋ ಮೂಲೆಗೆ ತಳ್ಳುವುದೂ ಅಷ್ಟೆ. ಹುಡುಕುವ ಪೆಟ್ಟಿಗೆಯಲ್ಲಿ ಫೋಟೊಗಳ ವಿಸ್ತರಣೆ ‘ಜೆಪಿಜಿ’ ಎಂದು ಕೊಟ್ಟರೆ ಮೂಲೆಯಲ್ಲಿದ್ದದ್ದೂ ಸಾಲಾಗಿ ಬಂದು ನಿಲ್ಲುತ್ತದೆ.

ಇನ್ನೊಂದು ಉಪಾಯ ವಿಡಿಯೊಗಳಲ್ಲಿ ವರ್ಷಗಳಿಂದ ಓಡಾಡುತ್ತಿದೆ. ನೋಟ್‌ಪ್ಯಾಡ್‌ನಲ್ಲಿ ಹತ್ತಿಪ್ಪತ್ತು ಸಾಲು ಬರೆದು ‘ಬ್ಯಾಟ್’ ಫೈಲಾಗಿ ಉಳಿಸಿದರೆ ಫೋಲ್ಡರಿಗೆ ಪಾಸ್‌ವರ್ಡ್ ಬೀಳುತ್ತದೆ ಎಂಬ ಮಾತು. ಅದು ಮಾಡುವುದಿಷ್ಟೇ: ಫೋಲ್ಡರಿನ ಹೆಸರನ್ನು ಕಂಟ್ರೋಲ್ ಪ್ಯಾನೆಲ್‌ನ ಸಂಕೇತಕ್ಕೆ ಬದಲಿಸಿ ಮರೆಮಾಡುತ್ತದೆ. ಪಾಸ್‌ವರ್ಡ್ ಆ ಬ್ಯಾಟ್ ಫೈಲಿನೊಳಗೇ ನೇರವಾಗಿ ಬರೆದಿರುತ್ತದೆ, ನೋಟ್‌ಪ್ಯಾಡ್‌ನಲ್ಲಿ ತೆರೆದ ಯಾರು ಬೇಕಾದರೂ ಓದಬಹುದು. ಇದನ್ನು ರಕ್ಷಣೆ ಎಂದು ಕಲಿಸುವುದು ಅಪಾಯಕಾರಿ. ನಂಬಿದವರು ನಿಶ್ಚಿಂತೆಯಿಂದ ತಮ್ಮ ಗುಟ್ಟನ್ನೆಲ್ಲ ಅದರೊಳಗೆ ಹಾಕುತ್ತಾರೆ.

ಲಾಗಿನ್ ಪಾಸ್‌ವರ್ಡ್ ಇದೆಯಲ್ಲ ಎನ್ನುವವರೂ ಗಮನಿಸಬೇಕು. ಅದು ವಿಂಡೋಸ್‌ನ ಹೊಸ್ತಿಲಿನ ಕಾವಲು ಮಾತ್ರ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿದರೆ, ಅಥವಾ ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲೂ ಮಾಡಿದರೆ ಆ ಪಾಸ್‌ವರ್ಡನ್ನು ಕೇಳುವವರೇ ಇರುವುದಿಲ್ಲ. ಆಗಲೂ ತಡೆಯಬಲ್ಲದ್ದು ಎನ್‌ಕ್ರಿಪ್ಷನ್ ಒಂದೇ. ಕಡತದೊಳಗಿನದನ್ನು ಗಣಿತಸೂತ್ರದಿಂದ ಕಲಸಿ, ಕೀಲಿ ಇಲ್ಲದವರಿಗೆ ಅರ್ಥವೇ ಆಗದಂತೆ ಮಾಡುವ ವಿಧಾನ ಅದು.

ಮೊದಲ ಹೆಜ್ಜೆ ಮನೆಯೊಳಗೆ

ಒಂದೇ ಲ್ಯಾಪ್‌ಟಾಪನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿಬಿಡುವುದು ಒಳ್ಳೆಯದು. ‘ಸೆಟ್ಟಿಂಗ್ಸ್’ನ ‘ಅಕೌಂಟ್ಸ್’ ವಿಭಾಗದಲ್ಲಿ ಮಕ್ಕಳಿಗೆ ‘ಸ್ಟ್ಯಾಂಡರ್ಡ್’ ಖಾತೆ ಕೊಟ್ಟರೆ, ದೊಡ್ಡವರ ಡಾಕ್ಯುಮೆಂಟ್ಸ್ ಫೋಲ್ಡರ್ ಅವರಿಗೆ ತೆರೆಯುವುದಿಲ್ಲ. ಎದ್ದು ಹೋಗುವಾಗ ವಿಂಡೋಸ್ ಗುರುತಿನ ಕೀಲಿಯ ಜೊತೆಗೆ ಎಲ್ ಅಕ್ಷರ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ. ಕಚೇರಿಯಲ್ಲೂ ಪಿಜಿಯಲ್ಲೂ ರೂಢಿ ಮಾಡಿಕೊಳ್ಳಬೇಕಾದ ಅಭ್ಯಾಸ ಇದು.

ಇಡೀ ಡಿಸ್ಕ್‌ಗೆ ಬೀಗ

2006ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರರೊಬ್ಬರ ಮನೆಯಿಂದ ಲ್ಯಾಪ್‌ಟಾಪ್ ಮತ್ತು ಹೊರಗಿನ ಡಿಸ್ಕ್ ಕಳವಾದವು. ಅವುಗಳಲ್ಲಿ ಸುಮಾರು 2 ಕೋಟಿ 65 ಲಕ್ಷ ಜನರ ಹೆಸರು, ಜನ್ಮದಿನಾಂಕ, ಸಾಮಾಜಿಕ ಭದ್ರತಾ ಸಂಖ್ಯೆಗಳಿದ್ದವು. ಯಾವುದಕ್ಕೂ ಎನ್‌ಕ್ರಿಪ್ಷನ್ ಇರಲಿಲ್ಲ. ಮುಂದೆ ಯಂತ್ರಗಳು ಸಿಕ್ಕಿದವಾದರೂ ಆ ಇಲಾಖೆ 2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಇಂದು ಇಡೀ ಡಿಸ್ಕಿಗೆ ಹಾಕುವ ಎನ್‌ಕ್ರಿಪ್ಷನ್ ಬೀಗ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಹಣ ಕೊಡದೆಯೇ ಸಿಗುತ್ತದೆ.

ವಿಂಡೋಸ್ 11ರ ಹೋಮ್ ಆವೃತ್ತಿಯಲ್ಲಿ ‘ಸೆಟ್ಟಿಂಗ್ಸ್’, ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’, ‘ಡಿವೈಸ್ ಎನ್‌ಕ್ರಿಪ್ಷನ್’ ಎಂದು ಹೋಗಿ ಗುಂಡಿ ಆನ್ ಇದೆಯೇ ನೋಡಬೇಕು. ಹೊಸ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ, ಅದು ಹೇಳದೆ ಕೇಳದೆ ಆನ್ ಆಗಿರುವುದೂ ಉಂಟು. ಪ್ರೊ ಆವೃತ್ತಿಯವರು ಸ್ಟಾರ್ಟ್ ಮೆನುವಿನಲ್ಲಿ ‘ಮ್ಯಾನೇಜ್ ಬಿಟ್‌ಲಾಕರ್’ ಎಂದು ಹುಡುಕಿ ಆನ್ ಮಾಡಬಹುದು. ಮ್ಯಾಕ್‌ನಲ್ಲಿ ಇದರ ಹೆಸರು ಫೈಲ್‌ವಾಲ್ಟ್, ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’ಯಲ್ಲಿ ಕೆಳಗೆ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಈ ಆಯ್ಕೆಯೇ ಕಾಣದಿದ್ದರೆ ಮುಂದೆ ಹೇಳುವ ವೆರಾಕ್ರಿಪ್ಟ್ ಸಾಕು.

ಆನ್ ಮಾಡುವಾಗ ವಿಂಡೋಸ್ 48 ಅಂಕಿಗಳ ರಿಕವರಿ ಕೀ ತಯಾರಿಸುತ್ತದೆ. ಅನೇಕರು ಎಡವುವುದು ಇಲ್ಲಿಯೇ. ಮದರ್‌ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯಾಸ್ ಅಪ್‌ಡೇಟ್ ಆದರೂ, ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ಆ ಅಂಕಿಗಳನ್ನು ಕೇಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತಾಗ, ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಡಬೇಕಾಯಿತು. ಬಿಟ್‌ಲಾಕರ್ ಇದ್ದ ಯಂತ್ರಗಳನ್ನು ಎಬ್ಬಿಸುವ ಕೆಲಸ ಈ ರಿಕವರಿ ಕೀಯಿಂದಾಗಿ ಇನ್ನಷ್ಟು ನಿಧಾನವಾಯಿತು. ಕೀ ಕಳೆದುಕೊಂಡವರಿಗೆ ಮೈಕ್ರೋಸಾಫ್ಟ್ ಕೂಡ ಡಿಸ್ಕ್ ತೆರೆದುಕೊಡಲಾರದು.

ಹಾಗಾಗಿ ಬೀಗ ಹಾಕಿದ ದಿನವೇ ಕೀಯನ್ನು ಕಾಗದದ ಮೇಲೆ ಮುದ್ರಿಸಿ ಅಥವಾ ಬರೆದು, ಮನೆಯ ಪತ್ರ, ಎಲ್‌ಐಸಿ ಬಾಂಡ್ ಇಡುವ ಕಡೆ ಇಡಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲೂ ಅದು ಉಳಿದಿದೆಯೇ ಎಂದು ಮೊಬೈಲ್‌ನಿಂದ ಒಮ್ಮೆ ಲಾಗಿನ್ ಆಗಿ ನೋಡಬೇಕು. ಲ್ಯಾಪ್‌ಟಾಪ್ ಬ್ಯಾಗಿನ ಜೇಬಿನಲ್ಲಿ ಮಾತ್ರ ಬೇಡವೇ ಬೇಡ.

ಆಯ್ದ ಕಡತಗಳಿಗೆ ತಿಜೋರಿ

ಇಡೀ ಡಿಸ್ಕಿನ ಬೀಗ ಯಂತ್ರ ಆಫ್ ಆಗಿದ್ದಾಗಿನ ರಕ್ಷಣೆ. ಲಾಗಿನ್ ಆದ ಮೇಲೆ ಎಲ್ಲವೂ ತೆರೆದೇ ಇರುತ್ತದೆ. ಆದ್ದರಿಂದ ತೀರಾ ಖಾಸಗಿಯಾದವಕ್ಕೆ, ಅಂದರೆ ಆಸ್ತಿಪತ್ರದ ಸ್ಕ್ಯಾನ್, ವೈದ್ಯಕೀಯ ವರದಿ, ಸ್ವಂತ ಫೋಟೊಗಳಿಗೆ ಒಳಗೊಂದು ತಿಜೋರಿ ಬೇಕು. ಉಚಿತವಾಗಿ ಸಿಗುವ, ಮೂಲ ಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಬಹುದಾದ ವೆರಾಕ್ರಿಪ್ಟ್ ಈ ಕೆಲಸಕ್ಕೆ ತಕ್ಕದ್ದು. ಟ್ರೂಕ್ರಿಪ್ಟ್ ಎಂಬ ಹಳೆಯ ತಂತ್ರಾಂಶದಿಂದ 2013ರಲ್ಲಿ ಕವಲೊಡೆದು ಬಂದದ್ದು ಇದು. ಇದರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು.

ತೆರೆದೊಡನೆ ‘ಕ್ರಿಯೇಟ್ ವಾಲ್ಯೂಮ್’ ಒತ್ತಿ, ‘ಎನ್‌ಕ್ರಿಪ್ಟೆಡ್ ಫೈಲ್ ಕಂಟೇನರ್’, ಆಮೇಲೆ ‘ಸ್ಟ್ಯಾಂಡರ್ಡ್’ ಆರಿಸಬೇಕು. ಫೈಲ್ ಎಲ್ಲಿರಬೇಕು ಎಂದು ಕೇಳಿದಾಗ ಹೊಸ ಹೆಸರು ಟೈಪ್ ಮಾಡಬೇಕು. ಈಗಾಗಲೇ ಇರುವ ಫೋಟೊವನ್ನೋ ಕಡತವನ್ನೋ ಅಲ್ಲಿ ಆರಿಸಿದರೆ ಅದಕ್ಕೆ ಬೀಗ ಬೀಳುವುದಿಲ್ಲ, ಅದು ಅಳಿದುಹೋಗಿ ಆ ಜಾಗದಲ್ಲಿ ತಿಜೋರಿ ಕೂರುತ್ತದೆ. ಎನ್‌ಕ್ರಿಪ್ಷನ್ ಬಗೆಯನ್ನು ಅದು ತೋರಿಸಿದ ಎಇಎಸ್‌ಗೇ ಬಿಡಬಹುದು. ಗಾತ್ರ ದಾಖಲೆಗಳಿಗಷ್ಟೇ ಆದರೆ 2 ಜಿಬಿ, ಫೋಟೊಗಳೂ ಇದ್ದರೆ 20 ಜಿಬಿ ಎಂದುಕೊಳ್ಳಬಹುದು. ಪಾಸ್‌ವರ್ಡ್ ಕೊಟ್ಟ ಬಳಿಕ ಪರದೆಯ ಮೇಲೆ ಮೌಸನ್ನು ಅಡ್ಡಾದಿಡ್ಡಿ ಓಡಾಡಿಸಲು ಹೇಳುತ್ತದೆ. ಕೀಲಿ ಊಹೆಗೆ ನಿಲುಕದಂತಾಗಲು ಆ ಗೊತ್ತುಗುರಿಯಿಲ್ಲದ ಚಲನೆಯೇ ನೆರವಾಗುತ್ತದೆ, ಅವಸರ ಬೇಡ. ಕೊನೆಗೆ ‘ಫಾರ್ಮ್ಯಾಟ್’.

ಬಳಸುವಾಗ ಒಂದು ಡ್ರೈವ್ ಅಕ್ಷರ ಆರಿಸಿ, ಆ ಫೈಲ್ ತೋರಿಸಿ, ‘ಮೌಂಟ್’ ಒತ್ತಿ ಪಾಸ್‌ವರ್ಡ್ ಕೊಟ್ಟರೆ ತಿಜೋರಿ ಹೊಸ ಡ್ರೈವ್‌ನಂತೆ ಕಾಣುತ್ತದೆ. ಕಡತಗಳನ್ನು ಅದರೊಳಗೆ ಸಾಗಿಸಿ, ಕೆಲಸ ಮುಗಿದೊಡನೆ ‘ಡಿಸ್‌ಮೌಂಟ್’ ಮಾಡಬೇಕು. ಹೊಸ ಆವೃತ್ತಿಗಳಲ್ಲಿ ಇದು ‘ಅನ್‌ಮೌಂಟ್’ ಎಂದಿರುತ್ತದೆ. ಅದನ್ನು ಮರೆತರೆ ಪಟ್ಟದ್ದೆಲ್ಲ ವ್ಯರ್ಥ.

ಒಂದೆರಡು ಕಡತಗಳನ್ನು ಮೇಲ್‌ನಲ್ಲಿ ಕಳಿಸುವುದಿದ್ದರೆ ಇಷ್ಟೆಲ್ಲ ಬೇಡ. ಉಚಿತ ತಂತ್ರಾಂಶ ಸೆವೆನ್-ಜಿಪ್‌ನಲ್ಲಿ ‘ಆ್ಯಡ್ ಟು ಆರ್ಕೈವ್’ ಆರಿಸಿ, ‘ಸೆವೆನ್-ಜೆಡ್’ ಮಾದರಿಯಲ್ಲಿ ಪಾಸ್‌ವರ್ಡ್ ಕೊಟ್ಟು, ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ಗೂ ಗುರುತು ಹಾಕಿದರಾಯಿತು. ವರ್ಡ್, ಎಕ್ಸೆಲ್ ಕಡತಗಳಿಗೆ ‘ಫೈಲ್’, ‘ಇನ್ಫೊ’, ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಇದೆ. ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆಯದೆ ಫೋನ್ ಮಾಡಿ ಹೇಳಬೇಕು.

ಇ-ಆಧಾರ್ ಪಿಡಿಎಫ್‌ಗೆ ಹೇಗೂ ಪಾಸ್‌ವರ್ಡ್ ಇದೆ ಎಂಬ ಸಮಾಧಾನ ಹಲವರದು. ಆದರೆ ಆ ಪಾಸ್‌ವರ್ಡ್ ಹೆಸರಿನ ಮೊದಲ 4 ಅಕ್ಷರ ಮತ್ತು ಹುಟ್ಟಿದ ಇಸವಿ. ಪರಿಚಯಸ್ಥರಿಗೆ ಇವೆರಡೂ ಗೊತ್ತೇ ಇರುತ್ತವೆ. ಅದಕ್ಕೂ ತಿಜೋರಿಯೇ ಸರಿಯಾದ ಜಾಗ. ಕೇಳಿದವರಿಗೆ ಕೊನೆಯ 4 ಅಂಕಿಗಳಷ್ಟೇ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡುವುದು ಲೇಸು.

ಉಳಿದುಹೋಗುವ ನಕಲುಗಳು

ತಿಜೋರಿಗೆ ಹಾಕಿದ ಮೇಲೂ ನಕಲುಗಳು ಹೊರಗೆ ಉಳಿದಿರುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್ ಪ್ರತಿ, ವಾಟ್ಸ್‌ಆ್ಯಪ್‌ನಿಂದ ಇಳಿಸಿದ ಚಿತ್ರ ಎಲ್ಲವೂ ಹೋಗಿ ಸೇರುವುದು ಡೌನ್‌ಲೋಡ್ಸ್ ಫೋಲ್ಡರ್‌ಗೆ. ಅದನ್ನು ಆಗಾಗ ಖಾಲಿ ಮಾಡಿ ರೀಸೈಕಲ್ ಬಿನ್ ಅನ್ನೂ ಬರಿದು ಮಾಡಬೇಕು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಒನ್‌ಡ್ರೈವ್‌ಗೆ ತಾವಾಗಿ ನಕಲಾಗುತ್ತಿವೆಯೇ ಎಂದೂ ಪರೀಕ್ಷಿಸಬೇಕು. ಇನ್ನು ತಿಜೋರಿ ಒಂದೇ ಫೈಲ್ ಆದ್ದರಿಂದ ಅದು ಕೆಟ್ಟರೆ ಎಲ್ಲವೂ ಹೋದಂತೆ. ಅದರದೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲೇಬೇಕು.

ಪಾಸ್‌ವರ್ಡ್ ವಿಷಯದಲ್ಲಿ ಚಿಹ್ನೆಗಳ ಸರ್ಕಸ್ಸಿಗಿಂತ ಉದ್ದ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಇಪ್ಪತ್ತಕ್ಕೂ ಹೆಚ್ಚು ಅಕ್ಷರಗಳಾಗುತ್ತವೆ. ಹುಣಸೆ, ಟ್ರಾಕ್ಟರ್, ಮಂಗಳವಾರ, ಕೊಡೆ, ಜೇನು ಎಂಬಂಥ ಸಾಲು ನೆನಪಿನಲ್ಲೂ ಉಳಿಯುತ್ತದೆ. ಇದೇ ಸಾಲನ್ನು ಯಾರೂ ಬಳಸಬಾರದು ಎಂದು ಬೇರೆ ಹೇಳಬೇಕಿಲ್ಲ. ಎಲ್ಲರ ಬಾಯಲ್ಲಿರುವ ಚಿತ್ರಗೀತೆ, ವಚನದ ಸಾಲುಗಳೂ ಬೇಡ.

ರಿಪೇರಿಗೆ ಕೊಡುವ ಮುನ್ನ

ಬ್ಯಾಟರಿ, ಕೀಬೋರ್ಡ್, ಪರದೆ, ಹಿಂಜ್ ಇಂಥ ಕೆಲಸಗಳಿಗೆ ಪಾಸ್‌ವರ್ಡ್ ಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳಬಹುದು. ಒಳಗೆ ಹೋಗಲೇಬೇಕಾದ ಕೆಲಸವಾದರೆ ‘ರಿಪೇರಿ’ ಎಂಬ ಹೆಸರಿನ ಸ್ಟ್ಯಾಂಡರ್ಡ್ ಖಾತೆ ಮಾಡಿ ಅದರ ಪಾಸ್‌ವರ್ಡ್ ಕೊಟ್ಟರೆ ಆಯಿತು. ಅಡ್ಮಿನಿಸ್ಟ್ರೇಟರ್ ಖಾತೆಯೇ ಬೇಕೆಂದರೆ, ತಿಜೋರಿಯನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ಬ್ರೌಸರ್‌ನಲ್ಲಿ ಮೇಲ್ ಮತ್ತು ವಾಟ್ಸ್‌ಆ್ಯಪ್‌ನಿಂದ ಲಾಗ್‌ಔಟ್ ಆಗಿ ಕೊಡಬೇಕು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಕೆಳಗಿನ ಮುಚ್ಚಳ ತೆಗೆದ ಮೇಲೆ ಎಸ್‌ಎಸ್‌ಡಿ ಒಂದೇ ಸ್ಕ್ರೂ ಬಿಚ್ಚಿದರೆ ಹೊರಬರುತ್ತದೆ. ಯಂತ್ರಾಂಶದ ರಿಪೇರಿಯಾದರೆ ಅದನ್ನು ತೆಗೆದಿಟ್ಟುಕೊಂಡೇ ಕೊಡಬಹುದು. ಡಿಸ್ಕ್ ಬದಲಿಸಿದ್ದರೆ ಹಳೆಯದನ್ನು ಕೇಳಿ ಪಡೆಯಬೇಕು.

ಯಾರಾದರೂ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ದೂರನ್ನು ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗೆ ಕೊಡಬಹುದು.

ಮಾರುವಾಗ

ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ 5 ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕಿದ್ದವು. ಡಿಲೀಟ್ ಮಾಡಿದರೆ ಕಡತದ ವಿಳಾಸ ಅಳಿಯುತ್ತದೆಯೇ ಹೊರತು ಒಳಗಿನದು ಕೂಡಲೇ ಅಳಿಯುವುದಿಲ್ಲ. ಹೀಗಾಗಿ ವಿಂಡೋಸ್ ಯಂತ್ರವನ್ನು ಮಾರುವ ಮುನ್ನ ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ‘ರಿಕವರಿ’, ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ‘ಚೇಂಜ್ ಸೆಟ್ಟಿಂಗ್ಸ್’ನಲ್ಲಿ ‘ಕ್ಲೀನ್ ಡೇಟಾ’ ಆನ್ ಮಾಡಬೇಕು. ಇದಕ್ಕೆ ಕೆಲವು ಗಂಟೆ ಹಿಡಿಯಬಹುದು, ಚಾರ್ಜರ್ ತೆಗೆಯಬಾರದು. ಹೊಸ ಮ್ಯಾಕ್‌ಗಳಲ್ಲಿ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಒತ್ತಿದರೆ ಸಾಕು. ಚಾಲೂ ಆಗದಷ್ಟು ಕೆಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನಷ್ಟೇ ಗುಜರಿಗೆ ಕೊಡಬೇಕು.